ಹಸಿ

ಡಾಕ್ಟರ್ ಮೆಹನಾಜ್ ಚೀಟಿಯ ಹಿಂದೆ ಬರೆದಿದ್ದಾರೆ:
‘ಸಣ್ಣತಾಯಮ್ಮ, ಕೋಣನೂರಿನ ಕಡೆಯವರು, ಐವತ್ತನಾಲ್ಕು.
ಆಷಾಢ ಬಂದರೆ ವಾಂತಿ, ತಲೆಸುತ್ತು.
ರಕ್ತ ಸರಿಯಿದೆ, ಸಕ್ಕರೆ ಸರಿಯಿದೆ, ಸ್ಕ್ಯಾನೂ ಸರಿಯಿದೆ.
ಏನಾದರೂ ಸಿಗುತ್ತಾ ನೋಡಿ.’

ಚೀಟಿ ತಂದವಳು ಆಕೆಯೇ.
ಕುರ್ಚಿ ಎಳೆದರೆ ಬೇಡ ಎಂದಳು, ಕೈ ತೋರಿಸಿದಳು:
ಬೆರಳ ಸಂದಿಯಲ್ಲೆಲ್ಲ ಕಪ್ಪು ಅಂಟು, ಸೋಪಿಗೆ ಬಗ್ಗದ್ದು.
ಚಪ್ಪಲಿ ಬಿಡುವ ಬೆಂಚಿನ ತುದಿಯಲ್ಲಿ ಕೂತಳು.

ಹಾಸನದ ಈ ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ
ನನ್ನ ಕೆಲಸ ಪುಸ್ತಕದ ಬೆನ್ನಿಗೆ ನಂಬರು ಅಂಟಿಸುವುದು,
ಮಲಗಿದ ವಿದ್ಯಾರ್ಥಿಗಳನ್ನು ಎಂಟಕ್ಕೆ ಎಬ್ಬಿಸುವುದು,
ಮತ್ತೆ ಅಪರೂಪಕ್ಕೆ ಹೀಗೆ
ಕೋಟಿಗಟ್ಟಲೆ ಲೇಖನಗಳ ಹೊಸ್ತಿಲಲ್ಲಿ ನಿಂತು
ಬಿಳಿ ಪಟ್ಟಿಯೊಂದರೊಳಗೆ ಯಾರದೋ ಸಂಕಟ ಟೈಪು ಮಾಡುವುದು.

ಅದರ ವ್ಯಾಕರಣ ಮೂರೇ ಮಾತು:
ಮತ್ತು. ಅಥವಾ. ಬೇಡ.

ವಾಂತಿ ಮತ್ತು ತಲೆಸುತ್ತು.
ಬಂದರು ನೋಡಿ ಬಸುರಿಯರು, ಹಡಗಿನವರು,
ಕಿವಿಯೊಳಗೆ ಕಲ್ಲು ಜಾರಿದವರು,
ಗಗನಯಾತ್ರಿ ಕೂಡ ಒಬ್ಬ.
ಇನ್ನೂರು ಪುಟ ಉರುಳಿಸಿದರೂ ಕೋಣನೂರು ಬರಲಿಲ್ಲ.

ಆ ಕೈ ನೋಡಿ ಸೇರಿಸಿದೆ: ಮತ್ತು ಹೊಗೆಸೊಪ್ಪು.
ಈಗ ಎಲ್ಲರೂ ಸೇದುವವರೇ.
ಗಂಟಲು, ಪುಪ್ಪುಸ, ಬಿಟ್ಟವರು, ಬಿಟ್ಟು ಮತ್ತೆ ಹಿಡಿದವರು.
ಹೊಗೆಸೊಪ್ಪಿನಲ್ಲಿ ಅದಕ್ಕೆ ಹೊಗೆ ಗೊತ್ತು,
ಸೊಪ್ಪು ಗೊತ್ತಿಲ್ಲ.

ಸೇದುವುದು ಬೇಡ, ಎಂದೆ.
ಆ ಒಂದು ‘ಬೇಡ’ಕ್ಕೆ ಮನೆಯೇ ಖಾಲಿಯಾದಂತಾಯಿತು.

‘ನೀವು ಇದನ್ನ ಏನಂತೀರಿ, ಊರಲ್ಲಿ?’
ಹಿಂದೆ ನೋಡದೆ ಕೇಳಿದೆ.
‘ಏನಂತಾರೆ? ಸೊಪ್ಪು ಏರ್ತು ಅಂತಾರೆ.
ಮೂರು ಕಡೆ ತೋರಿಸ್ದೆ. ಒಬ್ರು ಗ್ಯಾಸು ಅಂದ್ರು.
ಇನ್ನೊಬ್ಬ ಹುಡುಗ ಡಾಕ್ಟ್ರು
ಮುಟ್ಟು ನಿಂತು ಎಷ್ಟು ದಿನ ಅಂದ.
ಏಳು ವರ್ಷ ಆಯ್ತಪ್ಪ ಅಂದೆ, ಪೆನ್ನು ಬೀಳಿಸ್ಕೊಂಡ.’

ನಕ್ಕಳು. ನಗುತ್ತಲೇ ಹೇಳಿದಳು:
‘ಒಣಗಿದ್ದು ಏನೂ ಮಾಡಲ್ಲ ಕಣಪ್ಪ.
ಬ್ಯಾರನ್ನಿಂದ ಇಳ್ಸಿ ದಿನವೆಲ್ಲ ಎತ್ತಿ ಹಾಕ್ತೀನಿ, ಸುಖವಾಗಿರ್ತೀನಿ.
ಹಸೀದೇ ಏರೋದು.
ಬೆಳಗ್ಗೆ, ಎಲೆ ಮೇಲೆ ನೀರಿರುವಾಗ,
ಮುರಿದು ಮುರಿದು ಕಂಕುಳಲ್ಲಿ ಇಟ್ಕೋತೀವಲ್ಲ, ಆಗ.’

ಹಸಿ.
ಮೊದಲು ಒದ್ದೆ ಎಂದು ತಿಳಿದು ಹಾಕಿದೆ. ಇಲ್ಲ.
ಬೇಯಿಸದ್ದು, ಎಂದು ಹಾಕಿದೆ. ಬರೀ ಮೊಟ್ಟೆ, ಮೀನು.
ಬಾಣಂತಿಯ ಮೈ ಹಸಿ, ಮುಚ್ಚದ ಗಾಯ ಹಸಿ,
ನಿನ್ನೆ ಬಳಿದ ಗೋಡೆ ಹಸಿ, ನಿಜವಾದ ಸುಳ್ಳೂ ಹಸಿ;
ಇಷ್ಟೆಲ್ಲ ಹೊತ್ತ ಎರಡಕ್ಷರ
ಆ ಪಟ್ಟಿಯ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ನುಸುಳಬೇಕು.
ರ ಒಂದನ್ನು ಕೈಗೆ ಕೊಟ್ಟೆ.
ಹಸಿರು.

ತೆರೆಯಿತು.
ಹಸಿರು ತಂಬಾಕಿನ ಕಾಯಿಲೆ.
ಹೆಸರಿದೆ! ಆಗಲೇ ಹೆಸರಿದೆ, ನಾನು ಹುಟ್ಟುವ ಮುಂಚಿನಿಂದ.
ಎಲ್ಲಿಯದೋ ಹೊಲ, ಎಲ್ಲಿಯದೋ ಇಬ್ಬನಿ,
ಚರ್ಮದ ದಾರಿಯಲ್ಲಿ ರಕ್ತಕ್ಕಿಳಿವ ನಿಕೋಟಿನ್.
ಮೂತ್ರದಲ್ಲಿ ಅಳೆದಿದ್ದಾರೆ.
ಸೇದದವರ ಮೈಯಲ್ಲೂ ಸೇದಿದವರಷ್ಟು, ಎನ್ನುತ್ತಾರೆ.

ಸಾರಾಂಶವಷ್ಟೇ ಪುಕ್ಕಟೆ. ಒಳಕ್ಕೆ ಬೀಗ,
ಬೀಗದ ಮೇಲೆ ಡಾಲರಿನಲ್ಲಿ ಬೆಲೆ.
ಲೆಕ್ಕ ಹಾಕಿದೆ: ಆಕೆಯ ಎಂಟು ದಿನದ ಕೂಲಿ.

ಸಿಕ್ಕಷ್ಟು ಓದಿ ಹೇಳಿದೆ.
ಕೈಗವಸು ಹಾಕಿ, ತೋಳು ಮುಚ್ಚಿ,
ಇಬ್ಬನಿ ಆರಿದ ಮೇಲೆ ಮುರಿಯಿರಿ, ಅಂತಿದೆ.
‘ಆರೋವರ್ಗೆ ಕಾದ್ರೆ ಅರ್ಧ ಕೂಲಿ’ ಎಂದಳು,
ಕೋಪವಿರಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ.

‘ಅಲ್ಲಿಯೋರೂ ಕಕ್ತಾರಾ?’
‘ಹೂಂ.’
ಸ್ವಲ್ಪ ಹೊತ್ತು ಸುಮ್ಮನಿದ್ದಳು,
ನೆಂಟರ ಮನೆಯ ಸುದ್ದಿ ಕೇಳಿದವಳಂತೆ.
‘ಎಷ್ಟಂತೆ ಕೂಲಿ, ಅವ್ರಿಗೆ?’

ಹುಡುಕಿದೆ. ಸಾರಾಂಶದಲ್ಲಿಲ್ಲ.
ಅವಳು ಅರಕಲಗೂಡು ಬಸ್ಸಿಗೆ ಹೊರಟ ಮೇಲೂ ಕೂತು
ಟೈಪು ಮಾಡಿದೆ: ಮತ್ತು ಕೂಲಿ.

ಎರಡು ಉಳಿದವು.
ಒಂದು ನನಗೆ ಬಾರದ ಭಾಷೆಯಲ್ಲಿ.
ಇನ್ನೊಂದಕ್ಕೆ ಬೀಗ.